ಗಾದಿ ಚಾಚಾ ಕೊಟ್ಟ ಎತ್ತರ

ಮೊನ್ನೆ ಭಾನುವಾರ ಮಹಡಿ ಮೇಲೆ ದಿಂಬೊಂದನ್ನು ಬಿಸಿಲಿಗೆ ಹಾಕಿದ್ದೆ. ಸಂಜೆ ತರಲು ಹೋಗಿ, ಎರಡೂ ಕೈಯಲ್ಲಿ ಎತ್ತಿ ಎದೆಗವಚಿಕೊಂಡೆ ನೋಡಿ, ಕಾದ ಹತ್ತಿಯ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಒಂದಿಷ್ಟು ಧೂಳು, ಒಂದಿಷ್ಟು ಹತ್ತಿಕಾಳಿನ ಎಣ್ಣೆಯ ಘಮ, ಎಲ್ಲೋ ಮೂಲೆಯಲ್ಲಿ ಹಳೇ ಅತ್ತರಿನ ನೆರಳು. ಅತ್ತರು ನಿಜವಾಗಿ ಇತ್ತೋ ನಾನೇ ಕಲ್ಪಿಸಿಕೊಂಡೆನೋ ಗೊತ್ತಿಲ್ಲ... ನಿಜಲಿಂಗಪ್ಪ ಬಡಾವಣೆಯ ನಮ್ಮ ಮಹಡಿ ಮೇಲೆ ಹಾಗೇ ಸುಮಾರು ಹೊತ್ತು ನಿಂತುಬಿಟ್ಟೆ. ಪಕ್ಕದ ಮನೆಯವರು ಬಟ್ಟೆ ತೆಗೆಯುತ್ತಾ, "ಯಾಕ್ರಿ ಡಾಕ್ಟ್ರೇ, ಆರಾಮಿದೀರಲ್ಲ?" ಎಂದು ಕೇಳಿದರು.

ಅದು ತಲೆಗಿಡುವ ದಿಂಬಲ್ಲ. ಚೌಕಾಕಾರದ್ದು, ನೀಲಿ ಬಿಳಿ ಪಟ್ಟೆಯ ಗಾದಿ ಬಟ್ಟೆಯದ್ದು, ಇಟ್ಟಿಗೆಯಷ್ಟು ಗಟ್ಟಿ. ಮನೆಗೆ ಬಂದವರು ಇದೇನು ಅಂತ ಕೇಳುತ್ತಾರೆ. ವಿಮಾನ ಓಡಿಸುವಾಗ ಕೂರುವುದಕ್ಕೆ ಎನ್ನುತ್ತೇನೆ. ಅವರು ಒಂದು ಸಲ ದಿಂಬನ್ನು, ಒಂದು ಸಲ ನನ್ನನ್ನು ನೋಡಿ ಕಾಫಿ ಕುಡಿದು ಹೊರಡುತ್ತಾರೆ.

ನಾನು ಹಲ್ಲಿನ ಡಾಕ್ಟರು. ನನ್ನ ಎತ್ತರ ಎಷ್ಟು ಅಂತ ಹೇಳುವುದಿಲ್ಲ, ಕೇಳಲೂಬೇಡಿ. ಪೇಷಂಟಿನ ಕುರ್ಚಿಯನ್ನು ಪೂರ್ತಿ ಕೆಳಗಿಳಿಸಿದರೂ ನನ್ನ ಕಾಲ ಕೆಳಗೊಂದು ಮಣೆ ಬೇಕು, ಅಷ್ಟು ತಿಳಿದರೆ ಸಾಕು. ಇಂಥ ನನಗೆ ನಲವತ್ತು ದಾಟಿದ ಮೇಲೆ ವಿಮಾನ ಓಡಿಸುವ ಹುಚ್ಚು ಹತ್ತಿತು. ಬಳ್ಳಾರಿ ಕಡೆಯ ಒಂದು ಪುಟ್ಟ ನಿಲ್ದಾಣದಲ್ಲಿ ಕಲಿಸುತ್ತಾರೆ ಎಂದು ಕೇಳಿ, ಕ್ಲಿನಿಕ್ಕಿಗೆ ರಜೆ ಹಾಕಿದ ದಿನವೆಲ್ಲ ಅಲ್ಲಿಗೆ ಓಡುತ್ತಿದ್ದೆ. ನಾಲ್ಕು ಸೀಟಿನ, ಒಂದೇ ಇಂಜಿನ್ನಿನ ಸಣ್ಣ ವಿಮಾನ. ಹಳೇ ಅಂಬಾಸಿಡರಿಗೆ ರೆಕ್ಕೆ ಹಚ್ಚಿದ ಹಾಗೆ ಇತ್ತು. ಏರಿಸುವುದು ಬಂತು, ತಿರುಗಿಸುವುದು ಬಂತು. ಇಳಿಸುವುದು ಮಾತ್ರ ಬರಲಿಲ್ಲ. ಪ್ರತಿ ಸಲವೂ ಚಕ್ರ ನೆಲಕ್ಕೆ ಬಡಿದು ಕಪ್ಪೆಯ ಹಾಗೆ ಕುಪ್ಪಳಿಸುತ್ತಿತ್ತು.

ನಮ್ಮ ಗುರುಗಳು ಸೈನ್ಯದಿಂದ ನಿವೃತ್ತರಾಗಿ ಬಂದವರು, ಕಮ್ಮಿ ಮಾತಿನವರು. ಒಂದು ದಿನ ಇಂಜಿನ್ ಆರಿಸಿ, ನನ್ನನ್ನೇ ನೋಡುತ್ತಾ ಕೂತರು. "ಡಾಕ್ಟ್ರೇ, ನೀವು ರನ್‌ವೇ ನೋಡಿ ಇಳಿಸ್ತಾ ಇಲ್ಲ. ಅಂದಾಜಿನ ಮೇಲೆ ಇಳಿಸ್ತಾ ಇದ್ದೀರಿ," ಅಂದರು. ನಿಜವಾಗಿತ್ತು. ಇಳಿಯುವಾಗ ವಿಮಾನದ ಮೂತಿ ಮೇಲೇಳುತ್ತದೆ, ಆ ಮೂತಿಯ ಮೇಲಿಂದ ನೆಲ ಕಾಣಬೇಕು. ನನಗೆ ಬರೀ ಮೂತಿ ಕಾಣುತ್ತಿತ್ತು. ಅಂಗಡಿಯಿಂದ ಸ್ಪಂಜಿನ ದಿಂಬು ತಂದು ನೋಡಿದೆ. ಕೂತಾಗ ಒಂದು ಎತ್ತರ, ಚಕ್ರ ನೆಲಕ್ಕೆ ತಾಗಿದಾಗ ಇನ್ನೊಂದು ಎತ್ತರ. ಗುರುಗಳು ಖಡಾಖಂಡಿತ ಹೇಳಿಬಿಟ್ಟರು: ಎತ್ತರ ಸರಿಯಾಗುವ ತನಕ ಒಬ್ಬಳನ್ನೇ ಬಿಡುವುದಿಲ್ಲ. ಕಾರಿನಲ್ಲಿ ಊರಿಗೆ ವಾಪಸು ಬರುವಾಗ ದಾರಿಯುದ್ದಕ್ಕೂ ಅತ್ತೆ. ಅಷ್ಟು ವಯಸ್ಸಾಗಿ ಕುಳ್ಳಿ ಎಂದು ಅತ್ತೆನಲ್ಲ ಎಂದು ಇನ್ನೂ ಸ್ವಲ್ಪ ಅತ್ತೆ.

ಆಗ ನೆನಪಾದವರು ನಮ್ಮ ಗಾದಿ ಚಾಚಾ.

ಹಳೇ ದಾವಣಗೆರೆಯಲ್ಲಿ ನಾನು ಹುಟ್ಟಿ ಬೆಳೆದ ಮನೆಯ ಎದುರಿಗೇ ಅವರ ತಗಡಿನ ಶೆಡ್ಡು. ಹತ್ತಿ ಹಿಂಜಿ ಗಾದಿ, ದಿಂಬು ಹೊಲಿಯುವ ಕಸುಬು. ಶೆಡ್ಡು ಹಾಕುವುದಕ್ಕೆ ಮೊದಲು, ವಯಸ್ಸಿನಲ್ಲಿ, ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಊರೂರು ನಡೆದವರು. ಆನಗೋಡಿನಿಂದ ಹಿಡಿದು, ಆವರಗೆರೆ, ದಾವಣಗೆರೆಯ ಓಣಿಗಳು, ಆಮೇಲೆ ರಸ್ತೆ ಹಿಡಿದು ಹರಿಹರ, ಹೊಳೆ ದಂಡೆಯ ತನಕ. ಬಿಲ್ಲಿನ ದಾರ ಮೀಟಿದರೆ 'ಟಂಯ್ ಟಂಯ್' ಎಂದು ಓಣಿ ತುಂಬ ಸದ್ದು. ಆ ಸದ್ದು ಕೇಳಿ ಹೆಂಗಸರು ಹಳೇ ಗಾದಿ ಹೊರಗೆ ಹಾಕುತ್ತಿದ್ದರಂತೆ. ನಾನು ನೋಡುವ ಹೊತ್ತಿಗೆ ಮೆಷಿನ್ ಬಂದಿತ್ತು, ಚಾಚಾನ ಮೊಣಕಾಲು ಹೋಗಿತ್ತು, ಬಿಲ್ಲು ಗೋಡೆಗೆ ನೇತುಬಿದ್ದಿತ್ತು.

ಇನ್ನೊಂದು ಹೇಳಬೇಕು. ಚಾಚಾ ನನ್ನಷ್ಟೇ ಎತ್ತರ. ಅಂದರೆ ನನ್ನಷ್ಟೇ ಗಿಡ್ಡ. ನಾನು ಡಾಕ್ಟರಾಗಿ ಬಂದ ಮೇಲೂ ಓಣಿಯವರು ಇಬ್ಬರನ್ನೂ ಒಟ್ಟಿಗೆ ನೋಡಿದರೆ, "ಒಂದೇ ಅಳತೆಗೆ ಹೊಲಿಸ್ಯಾರ" ಎಂದು ನಗುತ್ತಿದ್ದರು. ಬೇರೆ ಯಾರಾದರೂ ನನ್ನ ಎತ್ತರದ ಸುದ್ದಿ ಎತ್ತಿದ್ದರೆ ನಾನು ಸುಮ್ಮನೆ ಬಿಡುತ್ತಿರಲಿಲ್ಲ. ಚಾಚಾನ ಜೋಡಿ ನಿಂತಾಗ ಮಾತ್ರ ನನಗೂ ನಗು ಬರುತ್ತಿತ್ತು.

ವಿಷಯ ಹೇಳಿದೆ. ಚಾಚಾ ಪೂರ್ತಿ ಕೇಳಿಸಿಕೊಂಡು, "ಅರೆ, ಇಷ್ಟೇನಾ! ನಾ ಮಾಡಿಕೊಡ್ತೀನಿ ಬಿಡು ಡಾಕ್ಟ್ರಮ್ಮ," ಅಂದರು. ವಾರದ ನಂತರ ಹೋದರೆ ಏನು ಕೈಗಿಟ್ಟರು ಅಂತೀರಿ? ಕೆಂಪು ಮಕಮಲ್ಲಿನ ದಿಂಬು, ನಾಲ್ಕೂ ಮೂಲೆಗೆ ಜರಿ ಕುಚ್ಚು, ಒಳಗೆ ಬೆಣ್ಣೆಯಂಥ ಹತ್ತಿ. ಓಣಿಯ ಹುಡುಗಿ ವಿಮಾನ ಓಡಿಸುತ್ತಾಳೆ ಅಂದರೆ ಚಾಚಾನ ಲೆಕ್ಕದಲ್ಲಿ ಅದು ಮದುವೆಗಿಂತ ಕಮ್ಮಿಯಲ್ಲ, ಅದಕ್ಕೇ ಮದುಮಗಳನ್ನು ಕೂರಿಸುವ ದಿಂಬನ್ನೇ ಹೊಲಿದಿದ್ದರು. ಹಾಗೇ ತೆಗೆದುಕೊಂಡು ಹೋದೆ. ಕೂತರೆ ಒಳಗೆ ಹುಗಿದುಹೋದೆ, ಮೊದಲಿಗಿಂತ ಕೆಳಗೆ! ಮಕಮಲ್ಲು ಬೇರೆ ಜಾರುತ್ತಿತ್ತು. ಗುರುಗಳು ಕುಚ್ಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಮುಹೂರ್ತ ಎಷ್ಟು ಹೊತ್ತಿಗೆ?" ಎಂದು ಕೇಳಿದರು.

ಚಾಚಾಗೆ ಹೇಗೆ ಹೇಳುವುದು ಎಂದು ಸಂಕೋಚ. ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಗಡ್ಡ ಕೆರೆದುಕೊಂಡರು. "ಹೆಂಗೆ ಕೂಡ್ತಿ, ಏನು ಕಾಣ್ಬೇಕು, ಅದನ್ನ ಮೊದ್ಲು ತೋರ್ಸು ನನಗೆ," ಅಂದರು. ಶೆಡ್ಡಿನ ಬೆಂಚಿನ ಮೇಲೆ ನನ್ನನ್ನು ಕೂರಿಸಿದರು. ನನ್ನ ಜೊತೆ ಬಂದಿದ್ದ ಗೆಳತಿ, ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ನನ್ನ ಮುಂದೆ ಒಂದು ಮೊರವನ್ನು ಎತ್ತಿ ಹಿಡಿದಳು. ಅದು ವಿಮಾನದ ಮೂತಿ. ದೂರದಲ್ಲಿ ನೆಲಕ್ಕೆ ಒಂದು ಪೊರಕೆ ಇಟ್ಟೆವು. ಅದು ರನ್‌ವೇ. ಚಾಚಾ ನನ್ನ ಕೆಳಗೆ ಹತ್ತಿ ಸೇರಿಸುತ್ತಾ ಹೋದರು, ಒಂದು ಪದರ, ಗುದ್ದಿ ಇನ್ನೊಂದು ಪದರ.

"ಕಾಣ್ತೈತಾ ಡಾಕ್ಟ್ರಮ್ಮ?"

"ಇಲ್ಲ ಚಾಚಾ."

"ಈಗ ಕಾಣ್ತೈತಾ?"

"ಪೊರಕೆ ತುದಿ ಕಾಣ್ತೈತೆ."

"ತುದಿ ಸಾಕಾಗಲ್ಲ, ಪೂರ್ತಿ ಕಾಣ್ಬೇಕು. ಏಳು."

ಓಣಿಯೇ ಬಂದು ಬಾಗಿಲಲ್ಲಿ ನಿಂತಿತ್ತು. ಬ್ಯಾಂಕಿನವಳಿಗೆ ಕೈ ನೋವು ಬಂದು ಮೊರ ಕೆಳಗಿಳಿದಾಗ ಚಾಚಾ, "ಏ, ವಿಮಾನ ಕೆಳಗ ಬಿತ್ತು ನೋಡ್ರಿ," ಎಂದು ಎಲ್ಲರನ್ನೂ ನಗಿಸಿದರು. ಕೊನೆಗೆ ಎತ್ತರ ಸಿಕ್ಕಿತು. ಆ ಹತ್ತಿಯನ್ನೆಲ್ಲ ಪಟ್ಟೆ ಬಟ್ಟೆಯೊಳಗೆ ತುರುಕಿ, ದಬ್ಬಳದಿಂದ ಅಡ್ಡ, ಉದ್ದ ಬಿಗಿಯಾಗಿ ಹೊಲಿಗೆ ಹಾಕಿ, ಮೇಲೆ ನಿಂತು ತುಳಿದು ನೋಡಿ ಕೊಟ್ಟರು. ದುಡ್ಡು ಅಂದದ್ದಕ್ಕೆ ಕೈ ಅಡ್ಡ ಹಿಡಿದರು. "ದುಡ್ಡು ಬ್ಯಾಡ. ನಿನ್ನ ಪರೀಕ್ಷೆ ಎಲ್ಲಾ ಮುಗದು ಲೈಸೆನ್ಸ್ ಬಂದ್ಮ್ಯಾಲೆ ನನ್ನ ಒಂದ್ಸಲ ಹತ್ತಿಸ್ಕಂಡು ಹೋಗು. ಆನಗೋಡಿನಿಂದ ಹರಿಹರದ ತನಕ ಎಷ್ಟು ನಡದೀನಿ ನಾನು... ಕಾಲಾಗ ನಡದದ್ದು, ಒಂದ್ಸಲನೂ ಪೂರ್ತಿ ನೋಡಿಲ್ಲ. ಮ್ಯಾಲಿಂದ ಎಲ್ಲಾ ಒಂದೇ ಸಲಕ್ಕ ಕಾಣ್ತೈತಂತಲ್ಲ. ಅದನ್ನ ನೋಡ್ಬೇಕು," ಅಂದರು. ಹೇಳುವಾಗ ಮೊಣಕಾಲನ್ನು ನೀವಿಕೊಳ್ಳುತ್ತಿದ್ದರು. ಆ ದಾರಿಯನ್ನು ಇನ್ನು ನಡೆದು ನೋಡುವುದು ಆಗದ ಮಾತು ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆಗಲಿ ಚಾಚಾ ಅಂದೆ.

ಆ ದಿಂಬಿನ ಮೇಲೆ ಕೂತು ಮೊದಲ ಸಲ ಇಳಿಸಿದಾಗ ರನ್‌ವೇ ಪೂರ್ತಿ ಕಂಡಿತು, ಈ ತುದಿಯಿಂದ ಆ ತುದಿ. ಚಕ್ರ ನೆಲಕ್ಕೆ ತಾಗಿದ್ದೇ ತಿಳಿಯಲಿಲ್ಲ. ಗುರುಗಳು ಬಾಗಿಲು ತೆಗೆದು ಇಳಿದು, "ಈಗ ನೀವೊಬ್ಬರೇ ಹೋಗಿ ಬನ್ನಿ," ಅಂದರು.

ಲೈಸೆನ್ಸು ಕೈಗೆ ಬಂದ ವರ್ಷ, ಕ್ರಿಸ್‌ಮಸ್ ರಜೆಯಲ್ಲಿ ನಮ್ಮ ಪ್ರವಾಸ ನಿಗದಿಯಾಯಿತು. ನಾನು, ಚಾಚಾ, ಬ್ಯಾಂಕಿನವಳು, ಮತ್ತೆ ಹೈಸ್ಕೂಲು ಟೀಚರಾಗಿರುವ ಇನ್ನೊಬ್ಬ ಗೆಳತಿ. ನಾವು ಮೂವರೂ ಒಂದೇ ಬೆಂಚಿನಲ್ಲಿ ಓದಿದವರು. ಟೀಚರಿಗೆ ಜೋಕಾಲಿ ಕಂಡರೂ ತಲೆ ತಿರುಗುತ್ತದೆ, ಆದರೂ ತನ್ನನ್ನು ಬಿಟ್ಟು ಹೋದರೆ ಜನ್ಮದಲ್ಲಿ ಮಾತಾಡಿಸುವುದಿಲ್ಲ ಎಂದು ಹೆದರಿಸಿ ಬಂದಿದ್ದಳು. ಚಾಚಾ ಹಬ್ಬದ ಬಿಳಿ ಜುಬ್ಬ, ಹೊಸ ಟೋಪಿ, ಕಿವಿಯಲ್ಲಿ ಅತ್ತರಿನ ಹತ್ತಿ ಇಟ್ಟುಕೊಂಡು ಕಾರಿನ ಹತ್ತಿರ ನಮಗಿಂತ ಮೊದಲೇ ನಿಂತಿದ್ದರು.

ಸಣ್ಣ ವಿಮಾನದಲ್ಲಿ ಎಲ್ಲರ ತೂಕ ಮೊದಲೇ ಹೇಳಬೇಕು. ಗೆಳತಿಯರಿಬ್ಬರೂ ಫೋನಿನಲ್ಲಿ ಹೇಳಿದ ತೂಕ ನಮ್ಮ ಪಿಯುಸಿ ಕಾಲದ್ದು. ಅಲ್ಲಿ ತಕ್ಕಡಿ ಮೇಲೆ ನಿಲ್ಲಿಸಿದಾಗ ಬಂಡವಾಳ ಬಯಲಾಯಿತು. ಅದರ ಮೇಲೆ ಬ್ಯಾಂಕಿನವಳ ಕೈಯಲ್ಲಿ ಒಂದು ದೊಡ್ಡ ಚೀಲ: ಮಂಡಕ್ಕಿ, ಇನ್ನೂ ಬಿಸಿ ಆರದ ಮೆಣಸಿನಕಾಯಿ ಬಜ್ಜಿ. ಗುರುಗಳು ಚೀಲ ನೋಡಿ, "ಮೆಣಸಿನಕಾಯಿ ಇಳಿಸ್ತೀರೋ, ನೀವೇ ಇಳೀತೀರೋ?" ಅಂದರು. ಬಜ್ಜಿ ಗುರುಗಳ ಪಾಲಾಯಿತು. ಮಂಡಕ್ಕಿಗೆ ತೂಕವೇ ಇಲ್ಲವೆಂದು ವಾದ ಮಾಡಿ ಅದನ್ನು ಒಳಗೆ ತಂದಳು.

ಚಾಚಾನನ್ನು ನನ್ನ ಬಲಕ್ಕೆ, ಮುಂದಿನ ಸೀಟಿನಲ್ಲಿ ಕೂರಿಸಿದೆ. ಕಿವಿಗೆ ಹೆಡ್‌ಫೋನು ಹಾಕಿ ಮಾತಾಡುವುದು ಹೇಗೆಂದು ತೋರಿಸಿದೆ. ಗೆಳತಿಯರು ಹಿಂದೆ. ನೆಲ ಬಿಟ್ಟಾಗ ಟೀಚರು ಊರಿನ ದೇವರನ್ನೆಲ್ಲ ಒಬ್ಬೊಬ್ಬರಾಗಿ ಕರೆದಳು. ಚಾಚಾ ತುಟಿ ಅಲ್ಲಾಡಿಸುತ್ತಾ ಕೂತಿದ್ದರು. ಚಳಿಗಾಲದ ಬೆಳಿಗ್ಗೆ, ಗಾಳಿ ಇರಲಿಲ್ಲ, ವಿಮಾನ ನೀರ ಮೇಲಿನ ದೋಣಿಯ ಹಾಗೆ ಸಾಗುತ್ತಿತ್ತು. ಸುಮಾರು ಹೊತ್ತಾದ ಮೇಲೆ ಆನಗೋಡು ಬಂತು. "ಚಾಚಾ, ಅಗೋ ನಿಮ್ಮ ಆನಗೋಡು!" ಅಂದೆ. "ಹೌದಾ," ಅಂದರು. ದಾವಣಗೆರೆ ಬಂತು. ಹಿಂದೆ ಇಬ್ಬರದೂ ಗಲಾಟೆಯೋ ಗಲಾಟೆ, ಅಗೋ ಕೆರೆ, ಅಗೋ ನಮ್ಮ ಕಾಲೇಜು, ಅಯ್ಯೋ ನಮ್ಮನೆ ಟ್ಯಾಂಕಿನ ಮುಚ್ಚಳ ತೆಗೆದೈತೆ ನೋಡೇ! "ಕಂಡ್ತಾ ಚಾಚಾ, ನಮ್ಮ ಓಣಿ?" ಅಂದೆ. "ಹೌದಾ... ಹೌದಾ," ಅಂದರು.

ಹರಿಹರ ಹತ್ತಿರ ಬರುತ್ತಿದ್ದಾಗ, ಈ ಮನುಷ್ಯ ಯಾಕೆ ಇಷ್ಟು ಸಪ್ಪಗಿದ್ದಾರೆ ಎಂದು ತಿರುಗಿ ನೋಡಿದೆ. ಚಾಚಾ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಆಕಾಶ ನೋಡುತ್ತಾ ಕೂತಿದ್ದರು. ಕಿಟಕಿಯ ಅಂಚು ಅವರ ಹುಬ್ಬಿನ ಸಮಕ್ಕಿತ್ತು. ನೆಲ ಕಾಣುವುದಿರಲಿ, ಅವರಿಗೆ ರೆಕ್ಕೆಯ ಅಡಿಭಾಗ ಬಿಟ್ಟು ಬೇರೇನೂ ಕಂಡಿರಲಿಲ್ಲ. ಊರಿಗೆಲ್ಲ ಗಾದಿ ಹೊಲಿದ ಮನುಷ್ಯ ತನಗೊಂದು ದಿಂಬು ತಂದಿರಲಿಲ್ಲ. ನನ್ನ ಎತ್ತರವನ್ನು ಅಷ್ಟು ನಾಜೂಕಾಗಿ ಅಳೆದವರಿಗೆ ತಾನೂ ಅಷ್ಟೇ ಗಿಡ್ಡ ಎಂಬುದು ಹೊಳೆದಿರಲಿಲ್ಲ. ನನಗಾದರೂ ಹೊಳೆಯಬೇಕಿತ್ತಲ್ಲ, ನನಗೂ ಇಲ್ಲ!

"ಯಾಕ್ರಿ ಚಾಚಾ, ಹೇಳ್ಬಾರ್ದಾ?" ಎಂದು ಹೆಚ್ಚುಕಮ್ಮಿ ಕೂಗಿದೆ.

"ನೀ ಓಡಸ್ತಿದ್ದಿ. ಮಾತಾಡಸ್ಬಾರ್ದು ಅಂದ್ಕಂಡೆ," ಅಂದರು. ಆಮೇಲೆ ನನಗೇ ಸಮಾಧಾನ ಹೇಳುವ ಹಾಗೆ, "ಆಕಾಶನೂ ಚೆಂದೈತೆ ಬಿಡಮ್ಮ."

ನನ್ನ ದಿಂಬು ಕೊಡುವ ಹಾಗಿರಲಿಲ್ಲ. ಅದಿಲ್ಲದೆ ನಾನು ನಾಲ್ವರನ್ನು ಸುರಕ್ಷಿತವಾಗಿ ಇಳಿಸಲಾರೆ. ಬ್ಯಾಂಕಿನವಳು ಹಿಂದಿನಿಂದ ಮಂಡಕ್ಕಿ ಚೀಲ ದಾಟಿಸಿದಳು. ಚಾಚಾ ಸೀಟು ಹಿಡಿದು ಸ್ವಲ್ಪ ಎದ್ದು ಅದನ್ನು ಕೆಳಗಿಟ್ಟುಕೊಂಡು ಕೂತರು. ಕರಕರ ಎಂದು ಸದ್ದಾಯಿತು, ಎತ್ತರ ಒಂದು ಬೆರಳೂ ಏರಲಿಲ್ಲ. ಯಾರಿಗೂ ನಗು ಬರಲಿಲ್ಲ. ಕೆಳಗೆ ಹರಿಹರ ಸರಿಯುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ನಾವು ವಾಪಸು ತಿರುಗಬೇಕಿತ್ತು. ಇವರು ಮತ್ತೆ ಯಾವಾಗ ಹತ್ತುತ್ತಾರೆ, ಹತ್ತುತ್ತಾರೋ ಇಲ್ಲವೋ...

ಅವರನ್ನು ಮೇಲೆತ್ತಲು ಆಗದಿದ್ದರೆ ನೆಲವನ್ನೇ ಅವರ ಕಿಟಕಿಗೆ ತರಬೇಕು. ವಿಮಾನವನ್ನು ಬಲಕ್ಕೆ ಚೆನ್ನಾಗಿ ವಾಲಿಸಿ ಸುತ್ತು ಹಾಕಿದರೆ ಬಲಗಡೆ ಕಿಟಕಿಯ ತುಂಬ ನೆಲವೇ. ಕಲಿಯುವಾಗ ನನಗೆ ಅತಿ ಕಷ್ಟವಾದ ಪಾಠ ಅದೇ. ಸ್ವಲ್ಪ ಎಚ್ಚರ ತಪ್ಪಿದರೆ ಮೂತಿ ಕೆಳಗಿಳಿದು ಎತ್ತರ ಕಳೆದುಹೋಗುತ್ತದೆ, ನಾನು ಬಹಳ ಸಲ ಕಳೆದು ಬೈಸಿಕೊಂಡಿದ್ದೆ. ಸುತ್ತ ಎಲ್ಲ ನೋಡಿಕೊಂಡೆ. "ಎಲ್ಲಾರೂ ಗಟ್ಟಿ ಕೂಡ್ರಿ. ಚಾಚಾ, ನಿಮ್ಮ ಕಡೆ ವಾಲಿಸ್ತೀನಿ, ಹೆದರ್ಬ್ಯಾಡ್ರಿ," ಅಂದೆ. "ನೀ ಇದ್ದೀಯಲ್ಲ," ಅಂದರು. ಟೀಚರು, "ಲೇ, ಬ್ಯಾಡ ಕಣೇ," ಅಂದಳು. ವಾಲಿಸಿದೆ.

ಬಲರೆಕ್ಕೆ ಕೆಳಗಿಳಿಯಿತು. ಹರಿಹರ ಮೇಲೆದ್ದು ಬಂದು ಚಾಚಾನ ಕಿಟಕಿಯಲ್ಲಿ ನಿಂತಿತು. ಬಲಕ್ಕೆ ತಿರುಗಿಸುವಾಗ ಆಗಾಗ ಬಲಕ್ಕೆ ನೋಡಲೇಬೇಕು, ನೋಡಿದರೆ ಚಾಚಾನ ಮುಖ, ಅದರಾಚೆ ಊರು. ದೇವಸ್ಥಾನ, ಸೇತುವೆ, ಬಂಡೆಗಳ ನಡುವೆ ಹರಿಯುವ ತುಂಗಭದ್ರೆ, ಸುತ್ತ ಭತ್ತದ ಗದ್ದೆ. ಅರ್ಧ ಸುತ್ತು ಹಾಕಿ ಹೊಳೆಯಾಚೆ ಬಂದೆವು. ಆಗ ಹರಿಹರದ ಬೆನ್ನಿಗೆ ರಸ್ತೆ, ರಸ್ತೆಯ ತುದಿಗೆ ದಾವಣಗೆರೆ, ಅದರಾಚೆ ಮಂಜಿನಲ್ಲಿ ಆನಗೋಡಿನ ದಿಕ್ಕು, ಎಲ್ಲ ಒಂದೇ ಗೆರೆಯಲ್ಲಿ ಬಂದು ನಿಂತವು.

"ಕಾಣ್ತೈತಾ ಚಾಚಾ?"

ಚಾಚಾ ಗಾಜಿಗೆ ಬೆರಳು ಹಚ್ಚಿ, ಆ ತುದಿಯಿಂದ ಈ ತುದಿಗೆ ಮೆಲ್ಲಗೆ ಎಳೆದರು. ಒಂದು ಗೇಣೂ ಆಗಲಿಲ್ಲ.

"ಇಷ್ಟೇನಾ?" ಅಂದರು. ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಅರೆ ಅಲ್ಲಾ! ಇಷ್ಟೇ ಇಷ್ಟಕ್ಕ ನನ್ನ ಕಾಲು ಅಷ್ಟು ನೋಯ್ತಿತ್ತಾ!"

ಹಿಂದೆ ಟೀಚರು ಕಣ್ಣು ಮುಚ್ಚಿಕೊಂಡೇ ನಗತೊಡಗಿದಳು. ಬ್ಯಾಂಕಿನವಳು ನಕ್ಕಳು. ನಾನು ನಗುತ್ತಾ, ಹಲ್ಲು ಕಚ್ಚಿ, ಎತ್ತರ ನೋಡಿಕೊಳ್ಳುತ್ತಾ, ಸುತ್ತು ಪೂರ್ತಿ ಮಾಡಿದೆ. "ಇನ್ನೊಂದ್ಸಲ ತಿರುಗ್ಸಮ್ಮ," ಅಂದರು. ತಿರುಗಿಸಿದೆ. ಎರಡನೇ ಸುತ್ತಿಗೆ ಅವರ ನಾಲಿಗೆ ಸಡಿಲವಾಯಿತು. ಹರಿಹರದಲ್ಲಿ ಯಾವ ಓಣಿಯಲ್ಲಿ ಊಟ ಹಾಕುತ್ತಿದ್ದರು, ಎಲ್ಲಿ ನಾಯಿ ಕಾಟ, ರಸ್ತೆಯ ಯಾವ ಮರದ ಕೆಳಗೆ ಬಿಲ್ಲು ಇಳಿಸಿ ಮಲಗುತ್ತಿದ್ದರು. ಆ ಮರ ಈಗಿಲ್ಲ, ರಸ್ತೆ ಅಗಲವಾಗಿದೆ. "ಹತ್ತಿ ಹೊಲ ಒಂದೂ ಕಾಣವಲ್ದು," ಎಂದೂ ಒಂದು ಸಲ ಅಂದರು. ಮೂರನೇ ಸುತ್ತಿಗೆ ಟೀಚರು ಬಾಯಿಗೆ ಕೈ ಅಡ್ಡ ಹಿಡಿದು ಮಂಡಕ್ಕಿ ಚೀಲವನ್ನು ಬೇರೆ ಕೆಲಸಕ್ಕೆ ಕೇಳಿದಳು. ನಾನು ರೆಕ್ಕೆ ನೆಟ್ಟಗೆ ಮಾಡಿ ವಾಪಸು ಹೊರಟೆ.

ಇಳಿದ ಮೇಲೆ ಚಾಚಾ ನನ್ನ ಸೀಟಿನಿಂದ ದಿಂಬು ತೆಗೆದು, ಬಡಿದು, ಅಂಗೈಯಲ್ಲಿ ಒತ್ತಿ ನೋಡಿದರು. "ಐದಾರು ವರ್ಷಕ್ಕ ಬಿಚ್ಚಿ ಹಿಂಜಬೇಕು ಇದನ್ನ, ಇಲ್ಲಾಂದ್ರ ಇಳೀತೈತೆ. ಹಿಂಜಿದಾಗೆಲ್ಲಾ ಒಂದು ಹಿಡಿ ಹತ್ತಿ ಕಮ್ಮಿ ಆಗ್ತೈತೆ, ಒಂದು ಹಿಡಿ ಹೊಸದು ಸೇರ್ಸಬೇಕು," ಅಂದರು. ನೀವೇ ಹಿಂಜಿ ಕೊಡಬೇಕು ಅಂದೆ. ಅವರು ನಕ್ಕರು, ಹೂಂ ಅನ್ನಲಿಲ್ಲ.

ಮರುವರ್ಷ ಮಳೆಗಾಲಕ್ಕೆ ಚಾಚಾ ಹೋದರು. ಮನೆಯಲ್ಲಿ, ತಾವೇ ಹೊಲಿದ ಗಾದಿಯ ಮೇಲೆ. ನಾನು ಹೋಗಿ ಅವರ ಮಗಳ ಪಕ್ಕದಲ್ಲಿ ಕೂತಿದ್ದೆ. ಬಂದವರಿಗೆಲ್ಲ ಆಕೆ, ನಮ್ಮ ಅಬ್ಬ ವಿಮಾನದಲ್ಲಿ ಹರಿಹರ ಸುತ್ತಿದ್ದರು ಎಂದು ಹೇಳುತ್ತಿದ್ದಳು. ಕೊನೆಯ ದಿನಗಳಲ್ಲಿ ಶೆಡ್ಡಿಗೆ ಬಂದ ಗಿರಾಕಿಗೆಲ್ಲ ಬೆರಳಲ್ಲಿ ಗೆರೆ ಎಳೆದು, "ಇಷ್ಟೇ ಐತೆ, ಇಷ್ಟೇ," ಎನ್ನುತ್ತಿದ್ದರಂತೆ...

ಜನ ನನ್ನನ್ನು ಧೈರ್ಯವಂತೆ ಅನ್ನುತ್ತಾರೆ. ಧೈರ್ಯ ನನ್ನದೇ ಇರಬಹುದು, ಎತ್ತರ ಮಾತ್ರ ನನ್ನದಲ್ಲ. ಓಣಿಯ ಎಲ್ಲರೂ ಈ ವಯಸ್ಸಿಗೆ ಇದೆಲ್ಲ ಯಾಕೆ ಎಂದು ಕೇಳಿದ್ದರು, ಚಾಚಾ ಒಬ್ಬರೇ ಏನು ಕಾಣಬೇಕು ಎಂದು ಕೇಳಿದ್ದರು. ಆ ಋಣ ದೊಡ್ಡದು. ಅಷ್ಟೇ ಅಲ್ಲ, ಅದನ್ನು ಮೂರು ಸುತ್ತಿನಷ್ಟಾದರೂ ತೀರಿಸುವುದಕ್ಕೆ ಅವರು ನನಗೆ ಅವಕಾಶ ಕೊಟ್ಟು ಹೋದರು. ಎಷ್ಟು ಜನರಿಗೆ ಅದು ಸಿಗುತ್ತದೆ?

ಮೊನ್ನೆ ಮಹಡಿ ಮೇಲೆ ದಿಂಬು ಒತ್ತಿ ನೋಡಿದಾಗ ಇಳಿದಿರುವುದು ತಿಳಿಯಿತು. ಹೋದ ತಿಂಗಳು ಇಳಿಸುವಾಗ ರನ್‌ವೇಯ ಈಚೆ ತುದಿ ಮರೆಯಾದಂತಾಗಿದ್ದು ಯಾಕೆಂದು ಆಗ ಅರ್ಥವಾಯಿತು. ಇವತ್ತು ಅದನ್ನು ತೆಗೆದುಕೊಂಡು ಹರಿಹರಕ್ಕೆ ಹೋದೆ. ಚಾಚಾನ ಮಗಳು ಅಲ್ಲಿ ಗಾದಿ ಅಂಗಡಿ ಇಟ್ಟಿದ್ದಾಳೆ. ಮೆಷಿನ್ನೂ ಇದೆ, ಗೋಡೆಗೆ ಅದೇ ಬಿಲ್ಲೂ ಇದೆ. ಹೊಲಿಗೆ ಬಿಚ್ಚಿದಳು. ಹತ್ತಿ ಒಳಗೆ ರೊಟ್ಟಿಯ ಹಾಗೆ ಕೂತಿತ್ತು. "ಇದನ್ನ ಮೆಷಿನ್‌ಗೆ ಹಾಕ್ಬ್ಯಾಡ ಅಂತ ಅಬ್ಬ ಹೇಳಿದ್ರು," ಎಂದು ಬಿಲ್ಲು ಇಳಿಸಿದಳು. ಟಂಯ್ ಟಂಯ್. ಹತ್ತಿ ಬಿಡಿಬಿಡಿಯಾಗಿ ಉಬ್ಬಿತು, ಒಂದಿಷ್ಟು ಅಂಗಡಿ ತುಂಬ ಹಾರಿ ನನ್ನ ತಲೆ ಮೇಲೂ ಕೂತಿತು. ಆಕೆ ಒಂದು ಹಿಡಿ ಹೊಸದನ್ನು ಸೇರಿಸಿದಳು. ಎತ್ತರ ಹೇಗೆ ನೋಡುವುದು ಅಂದೆ. ಆಕೆ ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಒಳಗಿಂದ ಒಂದು ಮೊರ ತಂದಳು. ದೂರದಲ್ಲಿ ನೆಲಕ್ಕೆ ಪೊರಕೆ ಇಟ್ಟಳು. ಚಾಚಾ ಅಷ್ಟನ್ನೂ ಹೇಳಿಕೊಟ್ಟು ಹೋಗಿದ್ದರು.

ಮೊರವನ್ನು ನನ್ನ ಮುಂದೆ ಹಿಡಿದು ನಿಂತು, ಥೇಟ್ ಅವರದೇ ದನಿಯಲ್ಲಿ ಕೇಳಿದಳು.

"ಕಾಣ್ತೈತಾ ಡಾಕ್ಟ್ರಮ್ಮ?"

ಎತ್ತರ ಸರಿಯಾಗಿಯೇ ಇತ್ತು. ಪೊರಕೆಯೂ ಅಲ್ಲೇ ಇತ್ತು. ನನ್ನ ಕಣ್ಣು ತುಂಬಿ ಮೊರವೂ ಕಾಣುತ್ತಿರಲಿಲ್ಲ. "ತಡಿಯಮ್ಮ, ಸ್ವಲ್ಪ ಹೊತ್ತು ಹಂಗೇ ಹಿಡಕೊಂಡಿರು," ಅಂದೆ.